ನರಕೋಶಗಳನ್ನು ಎಲೆಕ್ಟ್ರೋಡ್‌ಗಳ ಮೇಲೆ ವಿನ್ಯಾಸಬದ್ಧವಾಗಿ ಬೆಳೆಸಿ ಸಂಕೇತ ದಾಖಲಿಸುವ ಬಗೆ

ನರಕೋಶಗಳನ್ನು ತಟ್ಟೆಯ ತಳದಲ್ಲಿ ಸುಮ್ಮನೆ ಬಿತ್ತಿದರೆ ಅವು ಎಲ್ಲೆಂದರಲ್ಲಿ ನೆಲೆಯೂರುತ್ತವೆ. ಯಾವ ಎಲೆಕ್ಟ್ರೋಡ್ ಯಾವ ಕೋಶದ ಸಂಕೇತವನ್ನು ಹಿಡಿಯುತ್ತಿದೆ ಎಂಬುದು ಕೊನೆಯವರೆಗೂ ಊಹೆಯಾಗಿಯೇ ಉಳಿಯುತ್ತದೆ. ಪ್ರತಿ ಎಲೆಕ್ಟ್ರೋಡಿನ ಮೇಲೆ ಕೋಶಕಾಯ ಅಂಟಲು ಒಂದು ಬಿಲ್ಲೆ, ಬಿಲ್ಲೆಗಳ ನಡುವೆ ಆಕ್ಸಾನ್ (ಸಂಕೇತ ಒಯ್ಯುವ ಉದ್ದನೆಯ ನರತಂತು) ಸಾಗಲು ತೆಳುವಾದ ಗೆರೆ, ಉಳಿದ ಕಡೆ ಕೋಶ ಅಂಟದ ಲೇಪ: ಇಷ್ಟನ್ನು ಸಾಧಿಸಿದರೆ ಹಾಗೆ ಊಹಿಸುವ ಅಗತ್ಯ ಬಹುಪಾಲು ತಪ್ಪುತ್ತದೆ. ಇಲ್ಲಿ ಹೇಳುವುದೆಲ್ಲ ಸಾಮಾನ್ಯ ಬಳಕೆಯ 60 ಎಲೆಕ್ಟ್ರೋಡ್‌ಗಳ ಗಾಜಿನ ತಟ್ಟೆಯನ್ನು ಕುರಿತದ್ದು. ಅದರಲ್ಲಿ 30 ಮೈಕ್ರೊಮೀಟರ್ ವ್ಯಾಸದ ಎಲೆಕ್ಟ್ರೋಡ್‌ಗಳು 200 ಮೈಕ್ರೊಮೀಟರ್ ಅಂತರದಲ್ಲಿ, ಎಂಟಕ್ಕೆ ಎಂಟರ ಚೌಕದಲ್ಲಿ, ನಾಲ್ಕು ಮೂಲೆಗಳನ್ನು ಬಿಟ್ಟು ಕೂತಿರುತ್ತವೆ.

ವಿನ್ಯಾಸ ಮೂಡಿಸುವ ಕೆಲಸ ಕಚೇರಿಯಲ್ಲಿ ರಬ್ಬರ್ ಠಸ್ಸೆ ಒತ್ತುವುದಕ್ಕಿಂತ ತತ್ತ್ವದಲ್ಲಿ ಬೇರೆಯಲ್ಲ. ಪಿಡಿಎಂಎಸ್ ಎಂಬ ಸಿಲಿಕೋನ್ ರಬ್ಬರನ್ನು ಹತ್ತು ಪಾಲಿಗೆ ಒಂದು ಪಾಲು ಗಟ್ಟಿಕಾರಕ ಬೆರೆಸಿ, ಗುಳ್ಳೆ ತೆಗೆದು, ಸಿಲಿಕಾನ್ ಅಚ್ಚಿನ ಮೇಲೆ ಸುರಿದು, ಒಲೆಯಲ್ಲಿ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವು ಗಂಟೆ ಇಟ್ಟರೆ ಠಸ್ಸೆ ಸಿದ್ಧವಾಗುತ್ತದೆ. ಶಾಯಿಯ ಜಾಗದಲ್ಲಿ ಕೋಶಗಳು ಅಂಟಿಕೊಳ್ಳುವ ಪಾಲಿ-ಡಿ-ಲೈಸಿನ್ ದ್ರಾವಣ. ಅದಕ್ಕೆ ಹೊಳೆಯುವ ಬಣ್ಣ ಕಟ್ಟಿದ ಲೈಸಿನನ್ನು ತುಸು ಬೆರೆಸಿದರೆ ಒತ್ತಿದ ಗುರುತನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡಬಹುದು. ಪ್ಲಾಸ್ಮಾದಲ್ಲಿ (ವಿದ್ಯುದಾವೇಶಗೊಂಡ ಅನಿಲದಲ್ಲಿ) ಶುಚಿಗೊಳಿಸಿದ ತಟ್ಟೆಯ ಮೇಲೆ ಠಸ್ಸೆಯನ್ನು ಒತ್ತಿ, ತೆಗೆದ ಬಳಿಕ, ಖಾಲಿ ಉಳಿದ ಜಾಗವನ್ನು ಪಾಲಿಎಥಿಲೀನ್ ಗ್ಲೈಕಾಲ್ ಸರಪಳಿಗಳುಳ್ಳ ಪಾಲಿಲೈಸಿನ್‌ನಿಂದ ಮುಚ್ಚಬೇಕು. ಈ ಲೇಪ ಶಾಶ್ವತವಲ್ಲ. ಕೆಲವು ವಾರ ಕಳೆದಂತೆ ನರತಂತುಗಳು ಗೆರೆ ದಾಟಲು ತೊಡಗುತ್ತವೆ. ಆದ್ದರಿಂದ ಮುಖ್ಯವಾದ ಅಳತೆಗಳನ್ನು ಮುಂದೂಡುತ್ತ ಹೋಗಬಾರದು.

ಪ್ರಯೋಗ ಕೆಡುವುದು ಹೆಚ್ಚಾಗಿ ಠಸ್ಸೆಯನ್ನು ಸರಿಯಾದ ಸ್ಥಾನಕ್ಕೆ ಕೂರಿಸುವ ಹಂತದಲ್ಲಿ. ನಡುವಿನ ನಾಲ್ಕು ಎಲೆಕ್ಟ್ರೋಡ್‌ಗಳಿಗೆ ಹೊಂದಿಸಿ ಸಮಾಧಾನಪಟ್ಟುಕೊಂಡರೆ ಮೋಸಹೋಗುತ್ತೇವೆ. ಠಸ್ಸೆ ಒಂದೇ ಒಂದು ಡಿಗ್ರಿ ತಿರುಗಿದ್ದರೂ ನಡುವಿನಿಂದ ಸುಮಾರು 860 ಮೈಕ್ರೊಮೀಟರ್ ದೂರವಿರುವ ಅಂಚಿನ ಎಲೆಕ್ಟ್ರೋಡ್ ಬಳಿ ಅದು 15 ಮೈಕ್ರೊಮೀಟರ್ ಜರುಗಿರುತ್ತದೆ, ಅಂದರೆ ಬಿಲ್ಲೆಯ ಕೇಂದ್ರ ಎಲೆಕ್ಟ್ರೋಡಿನ ಅಂಚಿಗೆ ಬಂದು ನಿಂತಿರುತ್ತದೆ. ದೂರ ಹೆಚ್ಚಿದಂತೆ ಸಂಕೇತ ಬೇಗನೆ ಕುಗ್ಗುವುದರಿಂದ ಈ ನಷ್ಟವನ್ನು ಆಮೇಲೆ ಯಾವ ಸಾಫ್ಟ್‌ವೇರೂ ತುಂಬಿಕೊಡಲಾರದು. ಎದುರುಬದುರಿನ ಎರಡು ಅಂಚುಗಳನ್ನು ಹೊಂದಿಸಿದ ಮೇಲೆಯೇ ಠಸ್ಸೆಯನ್ನು ಇಳಿಸಿ.

ಕೋಶಗಳಿಗಾಗಿ ಸಾಮಾನ್ಯವಾಗಿ ಇಲಿಯ 18 ದಿನದ ಭ್ರೂಣದ ಹಿಪೊಕ್ಯಾಂಪಸ್ ಎಂಬ ಮೆದುಳಿನ ಭಾಗವನ್ನು ಬಳಸುತ್ತಾರೆ. ಭಾರತದಲ್ಲಿ ಇದಕ್ಕೆ ಸಂಸ್ಥೆಯ ಪ್ರಾಣಿ ನೈತಿಕತಾ ಸಮಿತಿಯ ಅನುಮತಿ ಮೊದಲೇ ಬೇಕು. ಬಿತ್ತನೆ ತೆಳುವಾಗಿರಲಿ. ದಟ್ಟವಾದರೆ ಕೋಶಗಳು ಗುಂಪುಕಟ್ಟಿ ವಿನ್ಯಾಸವನ್ನೇ ಮುಚ್ಚುತ್ತವೆ. ತೀರ ವಿರಳವಾದರೆ ಒಂಟಿ ಕೋಶಗಳು ಸೊರಗುತ್ತವೆ, ಆಗ ನರಕೋಶಗಳಿಗೆ ಆಸರೆಯಾಗುವ ಗ್ಲಿಯಾ ಕೋಶಗಳನ್ನು ಬೆಳೆಸಿದ ಮಾಧ್ಯಮವನ್ನು (ಪೋಷಕ ದ್ರವವನ್ನು) ಬೆರೆಸುವುದು ನೆರವಾಗುತ್ತದೆ. ಕೆಲವು ಗಂಟೆಗಳ ನಂತರ ಅಂಟದ ಕೋಶಗಳನ್ನು ತೊಳೆದು ತೆಗೆಯಿರಿ. ಮುಂದೆ ಮೂರು ನಾಲ್ಕು ದಿನಕ್ಕೊಮ್ಮೆ ಅರ್ಧ ಮಾಧ್ಯಮ ಬದಲಿಸಿದರೆ ಸಾಕು.

ದಾಖಲೆ ಆರಂಭವಾಗಬೇಕಾದದ್ದು ಕೋಶಗಳಿಗೂ ಮೊದಲು, ಬರೀ ಮಾಧ್ಯಮ ತುಂಬಿದ ಖಾಲಿ ತಟ್ಟೆಯಿಂದ. ಅದರ ವಿದ್ಯುತ್ ಗದ್ದಲದ ಮಟ್ಟವನ್ನು ಚಾನೆಲ್‌ವಾರು, ಅಂದರೆ ಒಂದೊಂದು ಎಲೆಕ್ಟ್ರೋಡಿಗೂ ಬೇರೆಬೇರೆಯಾಗಿ, ಬರೆದಿಟ್ಟುಕೊಳ್ಳಿ. ಒಂದೇ ಚಾನೆಲ್ ಕಿರುಚುತ್ತಿದ್ದರೆ ಎಲೆಕ್ಟ್ರೋಡನ್ನು ಶಂಕಿಸುವ ಮುನ್ನ ಅಂಚಿನ ಸಂಪರ್ಕ ಪಟ್ಟಿಯನ್ನು ಆಲ್ಕೊಹಾಲ್‌ನಲ್ಲಿ ಒರೆಸಿ ನೋಡಿ. ಬೆರಳಚ್ಚು ಅಥವಾ ಒಣಗಿದ ಉಪ್ಪಿನ ಕಲೆಯೇ ಎಷ್ಟೋ ಸಲ ಕಾರಣವಾಗಿರುತ್ತದೆ. ಎಲ್ಲ ಚಾನೆಲ್‌ಗಳಲ್ಲೂ 50 ಹರ್ಟ್ಜ್ ಅಲೆ ಕಂಡರೆ ಅರ್ಥಿಂಗ್ ಸರಿಯಿಲ್ಲವೆಂದು ತಿಳಿದು ಅಲ್ಲಿಂದ ಹುಡುಕಾಟ ಶುರುಮಾಡಬೇಕು.

ಮೊದಲ ವಾರದ ಕೊನೆಗೆ ಬಿಡಿ ಸ್ಪೈಕ್‌ಗಳು (ನರಕೋಶದ ಕ್ಷಣಿಕ ವಿದ್ಯುತ್ ಮಿಡಿತಗಳು), ಎರಡರಿಂದ ಮೂರನೆಯ ವಾರದಲ್ಲಿ ಒಟ್ಟಾಗಿ ಸಿಡಿಯುವ ಸ್ಪೈಕ್ ಸರಣಿಗಳು ಕಾಣಿಸಿಕೊಳ್ಳುತ್ತವೆ. ಇನ್ಕ್ಯುಬೇಟರ್‌ನಿಂದ ತೆಗೆದ ತಟ್ಟೆಯನ್ನು 37 ಡಿಗ್ರಿಯ ಆಂಪ್ಲಿಫೈಯರ್ ಮೇಲೆ ಕೂರಿಸಿ ಹತ್ತು ನಿಮಿಷ ಕಾಯಿರಿ, ಏಕೆಂದರೆ ಅಲುಗಾಟವೇ ಕೋಶಗಳ ಚಟುವಟಿಕೆಯನ್ನು ಬದಲಿಸುತ್ತದೆ. ಸೆಕೆಂಡಿಗೆ 20,000 ಮಾದರಿಗಳಂತೆ (ಅಳತೆಯ ಬಿಂದುಗಳಂತೆ) ದಾಖಲಿಸಿ, 300 ಹರ್ಟ್ಜ್‌ಗಿಂತ ಕೆಳಗಿನದನ್ನು ಸೋಸಿ, ಗದ್ದಲದ ಐದು ಪಟ್ಟನ್ನು ಸ್ಪೈಕ್‌ನ ಹೊಸ್ತಿಲಾಗಿ ಇಟ್ಟುಕೊಳ್ಳಿ. ಗದ್ದಲವನ್ನು ಮಾನಕ ವಿಚಲನೆಯಿಂದ ಲೆಕ್ಕಹಾಕಿದರೆ ಸ್ಪೈಕ್‌ಗಳೇ ಅದನ್ನು ಹಿಗ್ಗಿಸಿಬಿಡುತ್ತವೆ. ಸಂಕೇತದ ನಿರಪೇಕ್ಷ ಮೌಲ್ಯಗಳ ಮಧ್ಯಾಂಕವನ್ನು 0.6745ರಿಂದ ಭಾಗಿಸುವ ಕ್ರಮ ಹೆಚ್ಚು ನಂಬಲರ್ಹ. ಸೋಸದ ಮೂಲ ದತ್ತಾಂಶವನ್ನು ಮಾತ್ರ ಎಂದೂ ಅಳಿಸಬೇಡಿ.

ವಿನ್ಯಾಸ ಫಲಕೊಟ್ಟಿದೆಯೇ ಎಂಬುದನ್ನು ಕಾಲದ ಲೆಕ್ಕದಲ್ಲಿ ಪರೀಕ್ಷಿಸಬಹುದು. ಇಂಥ ಆಕ್ಸಾನ್‌ನಲ್ಲಿ ಸಂಕೇತ ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ಸಾಗುತ್ತದೆಂದು ಹಿಡಿದರೆ, 200 ಮೈಕ್ರೊಮೀಟರ್ ದಾಟಲು ಅದಕ್ಕೆ 0.4 ಮಿಲಿಸೆಕೆಂಡ್ ಬೇಕು, ಅಂದರೆ ನಮ್ಮ ದಾಖಲೆಯಲ್ಲಿ ಎಂಟು ಮಾದರಿಗಳು. ಒಂದೇ ಗೆರೆಯ ಎರಡು ಎಲೆಕ್ಟ್ರೋಡ್‌ಗಳಲ್ಲಿ ಇಂಥ ವಿಳಂಬ ಮತ್ತೆ ಮತ್ತೆ ಸ್ಥಿರವಾಗಿ ಕಂಡರೆ ಸಂತೋಷಪಡಬಹುದು. ಹತ್ತಾರು ಎಲೆಕ್ಟ್ರೋಡ್‌ಗಳಲ್ಲಿ ಒಂದೇ ಮಾದರಿಯಲ್ಲಿ, ಅಂದರೆ ಒಂದೇ ಕ್ಷಣದಲ್ಲಿ, ಮಿಡಿತ ಬಂದರೆ ಅದು ಹೊರಗಿನ ಸ್ವಿಚ್ಚಿನದೋ ಪಂಪಿನದೋ ಆಗಿರುವ ಸಂಭವವೇ ಹೆಚ್ಚು.

ಕೊನೆಯ ದಿನ ಕೈಗವಸು ತೊಟ್ಟು, ತಟ್ಟೆಗೆ 1 ಮೈಕ್ರೊಮೋಲಾರ್ ಟೆಟ್ರೊಡೊಟಾಕ್ಸಿನ್ ಸೇರಿಸಿ ಮತ್ತೊಮ್ಮೆ ದಾಖಲಿಸಿ. ಸೋಡಿಯಂ ಮಾರ್ಗಗಳನ್ನು ಮುಚ್ಚುವ ಈ ವಿಷದಿಂದ ನಿಜವಾದ ಸ್ಪೈಕ್‌ಗಳೆಲ್ಲ ನಿಲ್ಲಬೇಕು. ಆಗಲೂ ಯಾವ ಚಾನೆಲ್‌ನಲ್ಲಿ ಮಿಡಿತ ಮುಂದುವರಿಯುತ್ತದೆಯೋ ಆ ಚಾನೆಲ್ಲಿನ ಹಿಂದಿನ ದಿನಗಳ ದಾಖಲೆಯನ್ನೂ ವಿಶ್ಲೇಷಣೆಯಿಂದ ಕೈಬಿಡಬೇಕಾಗುತ್ತದೆ.