ನೆಟ್‌ಮೆಟಾದಲ್ಲಿ ಮೂರು ಗುಂಪಿನ ಟ್ರಯಲ್ ಎರರ್ ಸರಿಹೋದದ್ದು ಹೀಗೆ

ಹಾಸನದಲ್ಲಿ ಪಿಜಿ ಮಾಡ್ತಿದ್ದೇನೆ, ಥೀಸಿಸ್ ಮಂಡಿನೋವಿನ ಮಾತ್ರೆಗಳ ಹೋಲಿಕೆ. ಸಕಲೇಶಪುರ ಕಡೆಯ ತೋಟದ ಕೆಲಸದವರು ಓಪಿಡಿಯಲ್ಲಿ ಕೇಳೋದೇ "ಡಾಕ್ಟ್ರೇ, ಯಾವ ಮಾತ್ರೆ ವಾಸಿ?" ಅಂತ. ಪ್ರತಿ ಜೋಡಿ ಮಾತ್ರೆಗೂ ರೋಗಿಗಳ ಮೇಲೆ ನೇರವಾಗಿ ಹೋಲಿಸಿದ ಪರೀಕ್ಷೆ, ಅಂದರೆ ಟ್ರಯಲ್, ಇರೋದಿಲ್ಲ. ಎರಡನ್ನೂ ಪ್ಲಸೀಬೊ (ಔಷಧವಿಲ್ಲದ ತೋರಿಕೆಯ ಮಾತ್ರೆ) ಜೊತೆ ಹೋಲಿಸಿದ್ದರೆ, ರೋಗಿಗಳೂ ಒಂದೇ ಬಗೆಯವರಾಗಿದ್ದರೆ, ಹಲವು ಟ್ರಯಲ್‌ಗಳನ್ನ ಒಟ್ಟಿಗೆ ಲೆಕ್ಕ ಹಾಕೋ ನೆಟ್‌ವರ್ಕ್ ಮೆಟಾ ಅನಾಲಿಸಿಸ್ ಪರೋಕ್ಷ ಹೋಲಿಕೆ ಕೊಡುತ್ತೆ.

ಆರ್ ಅನ್ನೋ ಅಂಕಿಅಂಶದ ಸಾಫ್ಟ್‌ವೇರ್‌ನಲ್ಲಿ ಇದಕ್ಕಿರೋ ನೆಟ್‌ಮೆಟಾ ಪ್ಯಾಕೇಜ್ ರನ್ ಮಾಡಿದರೆ, ಒಂದು ಸ್ಟಡಿಯಲ್ಲಿ ಹೋಲಿಕೆಗಳ ಸಂಖ್ಯೆ ತಪ್ಪು ಅಂತ ಎರರ್. ತೆಗೆದು ನೋಡಿದರೆ ಅದು ಮೂರು ಗುಂಪಿನ ಟ್ರಯಲ್: ಡೈಕ್ಲೋಫೆನಾಕ್, ಪ್ಯಾರಸಿಟಮಾಲ್, ಪ್ಲಸೀಬೊ. ಶೀಟ್‌ನಲ್ಲಿ ಪ್ಲಸೀಬೊ ಎದುರಿನ 2 ಸಾಲು ಮಾತ್ರ ಇತ್ತು. ಪ್ರತಿ ಜೋಡಿಗೆ ಒಂದರಂತೆ ಮೂರು ಗುಂಪಿಗೆ 3 ಹೋಲಿಕೆ ಬೇಕು, ನಾಲ್ಕಕ್ಕೆ 6.

ಸ್ಟಡಿಯನ್ನೇ ಎರಡು ಹೆಸರಲ್ಲಿ ಒಡೆದರೆ ಎರರ್ ಹೋಗುತ್ತೆ. ದಯವಿಟ್ಟು ಹಾಗೆ ಮಾಡಬೇಡಿ, ಅದೇ ಪ್ಲಸೀಬೊ ರೋಗಿಗಳನ್ನ ಎರಡು ಸಲ ಎಣಿಸಿದಂತಾಗುತ್ತೆ.

ಪ್ರತಿ ಗುಂಪಿಗೆ ಒಂದು ಸಾಲು ಮಾಡಿದೆ: ಸ್ಟಡಿ ಹೆಸರು, ಔಷಧ, ರೋಗಿಗಳ ಸಂಖ್ಯೆ, ನೋವಿನ ಸ್ಕೋರ್‌ನ ಸರಾಸರಿ, ಸ್ಟ್ಯಾಂಡರ್ಡ್ ಡೀವಿಯೇಷನ್. ಅದನ್ನ ಪೇರ್‌ವೈಸ್ ಫಂಕ್ಷನ್‌ಗೆ ಕೊಟ್ಟೆ. ಮೂರೂ ಹೋಲಿಕೆ ಅದೇ ಕಟ್ಟಿಕೊಡ್ತು. ಅವು ಒಂದಕ್ಕೊಂದು ಅಂಟಿಕೊಂಡಿರೋದನ್ನ ನೆಟ್‌ಮೆಟಾ ತಾನೇ ಲೆಕ್ಕಕ್ಕೆ ತಗೊಳ್ಳುತ್ತೆ.

ಪ್ರತಿ ಔಷಧವನ್ನ ಒಂದು ಚುಕ್ಕಿಯಾಗಿ ತೋರಿಸೋ ಚಿತ್ರ, ನೆಟ್‌ಗ್ರಾಫ್, ಹಾಕಿದಾಗ ಒಂದು ಚುಕ್ಕಿ ಹೆಚ್ಚಿತ್ತು! ಅಮೆರಿಕದ ಪೇಪರ್‌ಗಳಲ್ಲಿ ಪ್ಯಾರಸಿಟಮಾಲ್ ಅನ್ನೋದು ಅಸೆಟಾಮಿನೋಫೆನ್. ಹೆಸರು ಒಂದೇ ಮಾಡಿದೆ, ಚುಕ್ಕಿ ಸೇರಿಕೊಳ್ತು. ಯಾವ ಮಾತ್ರೆ ಮೊದಲು ಅನ್ನೋ ರ್‍ಯಾಂಕಿಂಗ್ ನೋಡೋ ಮುಂಚೆ ನೆಟ್‌ಸ್ಪ್ಲಿಟ್ ಫಂಕ್ಷನ್ ಓಡಿಸಿ, ನೇರ ಮತ್ತು ಪರೋಕ್ಷ ಫಲಿತಾಂಶ ಒಂದೇ ಕಡೆ ತೋರಿಸ್ತಿವೆಯಾ ನೋಡಿಕೊಳ್ಳಿ.