ಅಂಕ ನೋಡುವ ಮೊದಲು ಮಕ್ಕಳನ್ನು ಎಣಿಸಿ: ಜೆರ್ಸಿ ಸಿಟಿಯಲ್ಲಿ ಚಾರ್ಟರ್ ಶಾಲೆಯನ್ನು ಅಳೆಯುವುದು ಹೇಗೆ?

ಬೆಂಗಳೂರಿನಿಂದ ಮ್ಯಾನ್‌ಹಟನ್‌ನ ಕಚೇರಿಗಳಿಗೆ ವರ್ಗವಾಗಿ ಬರುವ ಕನ್ನಡ ಕುಟುಂಬಗಳಲ್ಲಿ ಹಲವರು ಮನೆ ಹಿಡಿಯುವುದು ಹಡ್ಸನ್ ನದಿಯ ಈಚೆ ದಡದಲ್ಲಿರುವ, ನ್ಯೂಜೆರ್ಸಿ ರಾಜ್ಯದ ಜೆರ್ಸಿ ಸಿಟಿಯಲ್ಲಿ. ಪಾಥ್ ರೈಲು ಹತ್ತಿದರೆ ನದಿಯ ಅಡಿಯಿಂದಲೇ ಕೆಲಸಕ್ಕೆ ಹೋಗಬಹುದು. ಜರ್ನಲ್ ಸ್ಕ್ವೇರ್ ಪಕ್ಕದ ಇಂಡಿಯಾ ಸ್ಕ್ವೇರ್‌ನಲ್ಲಿ ಕರಿಬೇವೂ ಸಿಗುತ್ತದೆ. ಮನೆ ಗೊತ್ತಾದ ಮರುವಾರ ನನಗೆ ಬರುವ ಫೋನು ಸಾಮಾನ್ಯವಾಗಿ ಒಂದೇ ಪ್ರಶ್ನೆಯದು: “ಪಕ್ಕದಲ್ಲೊಂದು ಚಾರ್ಟರ್ ಶಾಲೆ ಇದೆಯಂತೆ, ರೇಟಿಂಗ್ ಚೆನ್ನಾಗಿದೆ, ಮಗಳನ್ನು ಅಲ್ಲಿಗೇ ಸೇರಿಸೋಣವೇ?” ಇದಕ್ಕೆ ಉತ್ತರವನ್ನು ಪೋಷಕರು ತಾವೇ ಕಂಡುಕೊಳ್ಳಬೇಕು. ಅದಕ್ಕೆ ಒಂದು ಸಂಜೆಯ ಲೆಕ್ಕ ಮತ್ತು ಎರಡು ಬೆಳಗಿನ ಓಡಾಟ ಸಾಕು.

ಚಾರ್ಟರ್ ಶಾಲೆಯೆಂದರೆ ಏನೆಂಬುದನ್ನು ಮೊದಲು ತಿಳಿಯೋಣ. 1991ರಲ್ಲಿ ಮಿನ್ನೆಸೋಟ ರಾಜ್ಯ ಇಂಥ ಶಾಲೆಗಳಿಗೆ ಅಮೆರಿಕದಲ್ಲೇ ಮೊದಲ ಕಾನೂನು ಮಾಡಿತು. ನ್ಯೂಜೆರ್ಸಿಯ ಕಾನೂನಿಗೆ 1996ರ ಜನವರಿಯಲ್ಲಿ ಸಹಿ ಬಿತ್ತು. ಶಾಲೆ ನಡೆಯುವುದು ಸಾರ್ವಜನಿಕರ ತೆರಿಗೆ ಹಣದಿಂದ, ಆದರೆ ಅದನ್ನು ನಡೆಸುವುದು ನಗರದ ಶಿಕ್ಷಣ ಮಂಡಳಿಯಲ್ಲ, ತನ್ನದೇ ಆದ ಟ್ರಸ್ಟಿ ಮಂಡಳಿ. ರಾಜ್ಯದ ಶಿಕ್ಷಣ ಆಯುಕ್ತರು ಮೊದಲಿಗೆ 4 ವರ್ಷಕ್ಕೆ ಅನುಮತಿ ಕೊಟ್ಟು, ನಂತರ 5 ವರ್ಷಕ್ಕೊಮ್ಮೆ ನವೀಕರಿಸುತ್ತಾರೆ. ಕಳಪೆಯೆನಿಸಿದರೆ ನವೀಕರಿಸದೆ ಮುಚ್ಚಿಸಲೂಬಹುದು. ನಮ್ಮೂರಿನ ಅನುದಾನಿತ ಶಾಲೆ ನೆನಪಾಗುವುದು ಸಹಜ. ಆದರೆ ಇಲ್ಲಿ ಶುಲ್ಕವಿಲ್ಲ, ಡೊನೇಷನ್ ಇಲ್ಲ, ಮಗುವಿಗೆ ಪ್ರವೇಶ ಪರೀಕ್ಷೆಯಿಲ್ಲ. ಸೀಟಿಗಿಂತ ಅರ್ಜಿ ಹೆಚ್ಚಾದರೆ, ಆರ್‌ಟಿಇ ಸೀಟಿಗೆ ಎತ್ತುವಂತೆ, ಲಾಟರಿ ಎತ್ತುತ್ತಾರೆ.

ಮೊದಲ ಹೆಜ್ಜೆ: ಗಡುವು ಮತ್ತು ಕಾಗದ ಪತ್ರ

ಅರ್ಜಿಯ ಗಡುವನ್ನು ಪ್ರತಿ ಶಾಲೆಯೂ ತಾನೇ ಗೊತ್ತುಮಾಡುತ್ತದೆ, ಮತ್ತು ಸೆಪ್ಟೆಂಬರಿನಲ್ಲಿ ಆರಂಭವಾಗುವ ವರ್ಷದ ಲಾಟರಿ ಚಳಿಗಾಲದಲ್ಲೇ ಮುಗಿದಿರುವುದು ಸಾಮಾನ್ಯ. ಜೂನ್‌ನಲ್ಲಿ ಬಂದಿಳಿಯುವವರಿಗೆ ಉಳಿಯುವುದು ವೇಟಿಂಗ್ ಲಿಸ್ಟ್ ಮಾತ್ರ. ಶಾಲೆ ಇರುವ ನಗರದ ನಿವಾಸಿಗಳಿಗೆ ಆದ್ಯತೆಯಿದೆ. ಅಣ್ಣನೋ ಅಕ್ಕನೋ ಆಗಲೇ ಓದುತ್ತಿದ್ದರೆ ತಮ್ಮ ತಂಗಿಯರಿಗೂ ಆದ್ಯತೆ ಸಿಗುತ್ತದೆ. ಕಿಂಡರ್‌ಗಾರ್ಟನ್‌ಗೆ ಅಕ್ಟೋಬರ್ 1ರೊಳಗೆ 5 ವರ್ಷ ತುಂಬಿರಬೇಕೆಂಬುದು ಈ ರಾಜ್ಯದ ವಾಡಿಕೆಯ ಗಡುವು. ವೀಸಾ ಯಾವುದೆಂಬ ಆತಂಕ ಬೇಡ: ವಲಸೆಯ ಕಾಗದವಿಲ್ಲದ ಮಗುವಿಗೂ ಸರ್ಕಾರಿ ಶಾಲೆ ಬಾಗಿಲು ಹಾಕುವಂತಿಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟ್ 1982ರಲ್ಲೇ ತೀರ್ಪು ಕೊಟ್ಟಿದೆ. ಲಸಿಕೆಯ ಕಾರ್ಡನ್ನು ಮಾತ್ರ ಬೆಂಗಳೂರಿನಲ್ಲೇ ಮಕ್ಕಳ ವೈದ್ಯರಿಗೆ ತೋರಿಸಿ ಹೊರಡಿ. ಸೀತಾಳೆ ಸಿಡುಬಿನ ಲಸಿಕೆ ನಮ್ಮ ಸರ್ಕಾರಿ ಪಟ್ಟಿಯಲ್ಲಿಲ್ಲ, ಇಲ್ಲಿ ಅದು ಕಡ್ಡಾಯ.

ಎರಡನೆಯ ಹೆಜ್ಜೆ: ವರದಿಯನ್ನು ಬಿಡಿಸಿ ಓದುವುದು

ರಾಜ್ಯದ ಶಿಕ್ಷಣ ಇಲಾಖೆ ಪ್ರತಿ ಸಾರ್ವಜನಿಕ ಶಾಲೆಯ ಸಾಧನಾ ವರದಿಯನ್ನು ವರ್ಷವರ್ಷವೂ ಪ್ರಕಟಿಸುತ್ತದೆ. ಚಾರ್ಟರ್ ಶಾಲೆಗಳೂ ಅದರಲ್ಲಿ ಸೇರಿವೆ. ಮನೆ ಮಾರುವ ತಾಣಗಳು ತೋರಿಸುವ ಹತ್ತರೊಳಗಿನ ರೇಟಿಂಗ್ ಬಿಟ್ಟು ಈ ವರದಿಯನ್ನೇ ತೆರೆಯಿರಿ. ರಾಜ್ಯ ಪರೀಕ್ಷೆ ಆರಂಭವಾಗುವುದು ಮೂರನೆಯ ತರಗತಿಯಲ್ಲಿ. ಅಂಕದ ಅಳತೆ 650ರಿಂದ 850ರವರೆಗೆ, 750 ಮುಟ್ಟಿದ ಮಗು ತನ್ನ ತರಗತಿಯ ಮಟ್ಟ ಮುಟ್ಟಿದೆಯೆಂದು ಅರ್ಥ. ನಾಲ್ಕನೆಯ ತರಗತಿಯವರೆಗಷ್ಟೇ ಇರುವ ಶಾಲೆಯಲ್ಲಿ ಎರಡು ತರಗತಿಗಳ ಅಂಕವೇ ಇಡೀ ಶಾಲೆಯ ಮುಖವಾಗಿಬಿಡುತ್ತದೆ. ಒಂದು ತರಗತಿಯಲ್ಲಿ 40 ಮಕ್ಕಳಿದ್ದರೆ ಒಂದೊಂದು ಮಗುವೂ ಶೇ 2.5ಕ್ಕೆ ಸಮ, ನಾಲ್ಕು ಮಕ್ಕಳಿಗೆ ಪರೀಕ್ಷೆಯ ದಿನ ಜ್ವರ ಬಂದು ಸರಿಯಾಗಿ ಬರೆಯಲಾಗದಿದ್ದರೆ ಶೇ 10 ಕುಸಿಯುತ್ತದೆ. ಆದ್ದರಿಂದ ಕನಿಷ್ಠ ಮೂರು ವರ್ಷದ ಅಂಕಿಗಳನ್ನು ಪಕ್ಕಪಕ್ಕ ಬರೆದುಕೊಳ್ಳಿ.

ಅಂಕಕ್ಕಿಂತ ಮುಖ್ಯವಾದುದು ಅದೇ ವರದಿಯಲ್ಲಿರುವ ಪ್ರಗತಿಯ ಅಂಕಿ. ಹಿಂದಿನ ವರ್ಷ ಅಷ್ಟೇ ಅಂಕ ಪಡೆದಿದ್ದ ರಾಜ್ಯದ ಇತರ ಮಕ್ಕಳಿಗೆ ಹೋಲಿಸಿದರೆ ಈ ಶಾಲೆಯ ಮಕ್ಕಳು ಎಷ್ಟು ಮುಂದೆ ಹೋದರೆಂಬುದನ್ನು ಅದು ಹೇಳುತ್ತದೆ. 50 ಎಂದರೆ ನಡುಮಧ್ಯ. ಓದಿದ ತಂದೆತಾಯಿಯ ಮಕ್ಕಳೇ ತುಂಬಿರುವ ಶಾಲೆಗೆ ಅಂಕ ಹೆಚ್ಚಿರುವುದು ದೊಡ್ಡ ವಿಷಯವೇನಲ್ಲ, ಆ ಮಕ್ಕಳನ್ನು ಶಾಲೆ ಎಲ್ಲಿಗೆ ಒಯ್ದಿದೆಯೆಂಬುದೇ ಪ್ರಶ್ನೆ. ಹೋಲಿಕೆಗೂ ರಾಜ್ಯದ ಸರಾಸರಿಯನ್ನು ಹಿಡಿಯಬೇಡಿ. ನಿಮ್ಮ ಮನೆಯ ವ್ಯಾಪ್ತಿಗೆ ಬರುವ ನಗರದ ಶಾಲೆಯನ್ನೇ ಪಕ್ಕದಲ್ಲಿಡಿ, ಏಕೆಂದರೆ ನಿಮ್ಮ ಮುಂದಿರುವ ಆಯ್ಕೆ ಅದು.

‘ಚಾರ್ಟರ್ ಶಾಲೆಗಳು ಒಳ್ಳೆಯವು’, ‘ಕೆಟ್ಟವು’ ಎಂಬ ಚರ್ಚೆಗೆ ಇಲ್ಲಿ ಹೆಚ್ಚು ಬೆಲೆಯಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರೆಡೊ ಕೇಂದ್ರದ 2009ರ ಅಧ್ಯಯನದಲ್ಲಿ, ಸಾಮಾನ್ಯ ಸರ್ಕಾರಿ ಶಾಲೆಗಳಿಗೆ ಹೋಲಿಸಿದರೆ ಗಣಿತದಲ್ಲಿ ಮೇಲುಗೈ ಸಾಧಿಸಿದ ಚಾರ್ಟರ್ ಶಾಲೆಗಳು ಶೇ 17, ಹಿಂದೆ ಬಿದ್ದವು ಶೇ 37. ಅದೇ ಕೇಂದ್ರ 2023ರಲ್ಲಿ ಕಂಡದ್ದು ಬೇರೆ: ಚಾರ್ಟರ್ ಮಕ್ಕಳು ಸರಾಸರಿಯಲ್ಲಿ ವರ್ಷಕ್ಕೆ ಓದಿನಲ್ಲಿ 16 ದಿನದಷ್ಟು, ಗಣಿತದಲ್ಲಿ 6 ದಿನದಷ್ಟು ಹೆಚ್ಚು ಕಲಿತಿದ್ದರು. ಆದರೆ ನಿಮ್ಮ ಮಗು ಹೋಗುವುದು ಸರಾಸರಿ ಶಾಲೆಗಲ್ಲವಲ್ಲ!

ಮೂರನೆಯ ಹೆಜ್ಜೆ: ತರಗತಿಯಿಂದ ತರಗತಿಗೆ ಎಣಿಕೆ

ಹೆಚ್ಚಿನವರು ಮಾಡದ, ಆದರೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಬೆಲೆಬಾಳುವ ಕೆಲಸವಿದು. ಪ್ರತಿ ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೆಂಬುದು ವರದಿಯಲ್ಲಿರುತ್ತದೆ. ಒಂದೇ ತಂಡವನ್ನು ವರ್ಷದಿಂದ ವರ್ಷಕ್ಕೆ ಹಿಂಬಾಲಿಸಿ. ಉದಾಹರಣೆಗೆ, 2021–22ರಲ್ಲಿ ಒಂದನೆಯ ತರಗತಿಯಲ್ಲಿ 60 ಮಕ್ಕಳು, ಮರುವರ್ಷ ಎರಡನೆಯದರಲ್ಲಿ 53, ಅದರ ಮರುವರ್ಷ ಮೂರನೆಯದರಲ್ಲಿ 44 ಎಂದಿಟ್ಟುಕೊಳ್ಳಿ. ಆ 44ರಲ್ಲಿ 33 ಮಕ್ಕಳು 750 ದಾಟಿದರೆ ಶಾಲೆ ‘ಶೇ 75’ ಎಂದು ಬ್ಯಾನರ್ ಕಟ್ಟುತ್ತದೆ. ಬಿಟ್ಟುಹೋದ 16 ಮಕ್ಕಳೂ ಉಳಿದಿದ್ದು, ಅವರಲ್ಲಿ ಯಾರೂ ಆ ಮಟ್ಟ ಮುಟ್ಟದೆ ಇದ್ದಿದ್ದರೆ ಅದೇ 33 ಮಕ್ಕಳು ಶೇ 55 ಆಗುತ್ತಿದ್ದರು. ಪಾಠ ಬದಲಾಗಿಲ್ಲ, ಭಾಗಿಸುವ ಸಂಖ್ಯೆ ಬದಲಾಗಿದೆ, ಅಷ್ಟೆ.

ಹಾಗೆಂದು ಕಡಿಮೆಯಾದ ಪ್ರತಿ ತಲೆಯ ಹಿಂದೆಯೂ ಸಂಚಿದೆ ಎಂದುಕೊಳ್ಳಬಾರದು. ಈ ಊರಿನಲ್ಲಿ ಬಾಡಿಗೆ ಏರಿದಂತೆ ಜನ ಊರು ಬದಲಿಸುತ್ತಾರೆ, ನಮ್ಮವರೂ ಎಡಿಸನ್ ಕಡೆಗೆ ಮನೆ ಕೊಂಡು ಹೋಗುತ್ತಾರೆ. ಅದಕ್ಕೇ ಪಕ್ಕದ ನಗರ ಶಾಲೆಯ ಎಣಿಕೆಯನ್ನೂ ಮಾಡಿ. ಅಲ್ಲಿ ಸಂಖ್ಯೆ ಸ್ಥಿರವಾಗಿದ್ದು ಇಲ್ಲಿ ಮಾತ್ರ ಕರಗಿದ್ದರೆ ಪ್ರಿನ್ಸಿಪಾಲರನ್ನು ಎರಡು ಪ್ರಶ್ನೆ ಕೇಳಬೇಕು: ಹೋದ ಮಕ್ಕಳು ಏಕೆ ಹೋದರು, ಮತ್ತು ಖಾಲಿಯಾದ ಸೀಟನ್ನು ವೇಟಿಂಗ್ ಲಿಸ್ಟ್‌ನಿಂದ ತುಂಬುತ್ತೀರಾ? ಮೂರನೆಯದೂ ಒಂದಿದೆ, ಮಾತು ತಡವಾದ ಅಥವಾ ಕಲಿಕೆಯಲ್ಲಿ ನೆರವು ಬೇಕಾದ ಮಕ್ಕಳ ಕುರಿತಾದದ್ದು. 1975ರ ಒಕ್ಕೂಟ ಕಾನೂನಿನ ಪ್ರಕಾರ ಅಂಥ ಮಗುವಿಗೆ ಉಚಿತವಾಗಿ ತಕ್ಕ ಶಿಕ್ಷಣ ಸಿಗಲೇಬೇಕು, ಚಾರ್ಟರ್ ಶಾಲೆ ಇದಕ್ಕೆ ಹೊರತಲ್ಲ. “ನಮ್ಮಲ್ಲಿ ಇಂತಿಷ್ಟು ಶಿಕ್ಷಕರು ಈ ಕೆಲಸಕ್ಕೇ ಇದ್ದಾರೆ” ಎಂಬ ಉತ್ತರ ಒಂದು ಬಗೆಯದು; “ಇಂಥ ಮಗುವಿಗೆ ನಮ್ಮ ಶಾಲೆ ಹೊಂದುವುದಿಲ್ಲವೇನೋ” ಎಂಬ ನಯವಾದ ಉತ್ತರ ಇನ್ನೊಂದು ಬಗೆಯದು. ನಿಮ್ಮ ಮಗುವಿಗೆ ಇಂದು ಆ ನೆರವು ಬೇಡದಿದ್ದರೂ ಈ ಎರಡನೆಯ ಉತ್ತರ ಕೇಳಿಬಂದಲ್ಲಿ ನಾನಂತೂ ಅರ್ಜಿ ಹಾಕುವುದಿಲ್ಲ.

ನಾಲ್ಕನೆಯ ಹೆಜ್ಜೆ: ಮಂಗಳವಾರದ ಬೆಳಗ್ಗೆ

ಶಾಲೆ ನೋಡಲೆಂದು ಪೋಷಕರನ್ನು ಕರೆಯುವ ಓಪನ್ ಹೌಸ್ ದಿನ ಎಲ್ಲ ಶಾಲೆಯೂ ಮದುವೆ ಮನೆಯೇ. ಸಾಮಾನ್ಯ ಕೆಲಸದ ದಿನ ತರಗತಿಯ ಹಿಂದೆ ಕಾಲುಗಂಟೆ ಕೂರಲು ಅವಕಾಶ ಕೇಳಿ. ಮಗನಿಗಾಗಿ ಶಾಲೆ ಹುಡುಕುತ್ತಿದ್ದಾಗ ನಾನು ಎರಡು ಕಡೆ ಎರಡನೆಯ ತರಗತಿಯ ಗಣಿತದ ಪಾಠ ನೋಡಿದೆ. ಕಾಕತಾಳೀಯವೆಂಬಂತೆ ಎರಡು ಕಡೆಯೂ ದಶಕ ತೆಗೆದುಕೊಂಡು ಕಳೆಯುವ ಲೆಕ್ಕ. ಮೊದಲನೆಯ ಶಾಲೆಯಲ್ಲಿ 52ರಲ್ಲಿ 27 ಕಳೆದು 35 ಎಂದ ಹುಡುಗಿಗೆ “ಇಲ್ಲ” ಎಂದು ಹೇಳಿ ಶಿಕ್ಷಕಿ ಮುಂದಿನ ಬೆಂಚಿಗೆ ಹೋದರು. ಮಕ್ಕಳು ಕೈಕಟ್ಟಿ ನೆಟ್ಟಗೆ ಕೂತಿದ್ದರು, ಗೋಡೆಯ ತುಂಬ ಶೇಕಡಾವಾರು ಪಟ್ಟಿಗಳಿದ್ದವು. ಎರಡನೆಯ ಶಾಲೆಯಲ್ಲಿ ಗದ್ದಲ ತುಸು ಹೆಚ್ಚೇ ಇತ್ತು. ಅಲ್ಲೊಬ್ಬ ಹುಡುಗ ಅದೇ ಬಗೆಯ ತಪ್ಪು ಮಾಡಿದಾಗ ಶಿಕ್ಷಕಿ ಅವನ ಕೈಗೆ ಐಸ್‌ಕ್ರೀಂ ಕಡ್ಡಿಗಳ ಕಟ್ಟು ಕೊಟ್ಟು, “ಎರಡರಿಂದ ಏಳು ತೆಗೆ ನೋಡೋಣ” ಎಂದು ಕಾದರು. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಹುಡುಗ ಹತ್ತರ ಕಟ್ಟೊಂದರ ರಬ್ಬರ್ ಬ್ಯಾಂಡ್ ಬಿಚ್ಚಿದ. ವರದಿಯಲ್ಲಿ ಮೊದಲನೆಯ ಶಾಲೆಯೇ ಮುಂದಿತ್ತು. ನಾವು ಎರಡನೆಯದಕ್ಕೆ ಅರ್ಜಿ ಹಾಕಿದೆವು.

ಶಿಸ್ತಿನ ವಿಷಯವನ್ನು ನೇರವಾಗಿಯೇ ಕೇಳಿ. ನಗರದ ಕೆಲವು ಚಾರ್ಟರ್ ಶಾಲೆಗಳು ಸಾಲು, ಮೌನ, ಸಮವಸ್ತ್ರ, ತಪ್ಪಿಗೊಂದು ಗುರುತು ಎಂಬ ಬಿಗಿ ಪದ್ಧತಿಗೇ ಹೆಸರಾದವು, ಮತ್ತು ನಮ್ಮ ಕಾನ್ವೆಂಟುಗಳಲ್ಲಿ ಓದಿದವರಿಗೆ ಅದು ಹಿತವಾಗಿಯೇ ಕಾಣುತ್ತದೆ. ನ್ಯೂಜೆರ್ಸಿಯಲ್ಲಿ ಎರಡನೆಯ ತರಗತಿಯವರೆಗಿನ ಮಗುವನ್ನು, ಹಿಂಸೆ ಅಥವಾ ಲೈಂಗಿಕ ಸ್ವರೂಪದ ವರ್ತನೆಯ ಹೊರತು, ಶಾಲೆಯಿಂದ ಅಮಾನತು ಮಾಡಿ ಮನೆಗೆ ಕಳಿಸುವಂತಿಲ್ಲ. ಐದನೆಯ ತರಗತಿಯವರೆಗೆ ದಿನಕ್ಕೆ 20 ನಿಮಿಷ ಆಟದ ಬಿಡುವೂ ಕಾನೂನಿನಲ್ಲಿದೆ. ಆ ಆಟ ಎಲ್ಲಿ ನಡೆಯುತ್ತದೆಂದು ನೋಡಿ ಬನ್ನಿ. ಕಟ್ಟಡಕ್ಕೆಂದು ನಗರದ ಶಾಲೆಗಳಿಗೆ ಸಿಗುವ ಹಣ ಚಾರ್ಟರ್‌ಗಳಿಗೆ ಸಿಗದ ಕಾರಣ ಹಳೆಯ ಗೋದಾಮು, ಚರ್ಚಿನ ಕಟ್ಟಡಗಳಲ್ಲಿ ಬಾಡಿಗೆಗಿರುವ ಶಾಲೆಗಳಿವೆ. ಅಂಥ ಕಡೆ ಆಟದ ಬಯಲೆಂದರೆ ಕಾರು ನಿಲ್ಲಿಸುವ ಜಾಗವೇ ಇರಬಹುದು.

ಸೇರಿಸುವಾಗ ಕೊಡುವ ‘ಮನೆ ಮಾತು’ ನಮೂನೆಯಲ್ಲಿ ಕನ್ನಡವೆಂದೇ ಬರೆಯಿರಿ. ಮಗುವನ್ನು ಹಿಂದಿನ ಬೆಂಚಿಗೆ ಹಾಕುತ್ತಾರೆಂದು ಹೆದರಿ ನಾನು ಇಂಗ್ಲಿಷ್ ಎಂದು ಬರೆದೆ, ಮಗ ಮೂರು ತಿಂಗಳು ಬಾಯಿ ಬಿಡದೆ ಕೂತ. ಸತ್ಯ ಬರೆದಿದ್ದರೆ ಇಂಗ್ಲಿಷ್ ಪರೀಕ್ಷೆ ನಡೆದು, ಅಗತ್ಯವಿದ್ದಲ್ಲಿ ಭಾಷೆಯ ನೆರವು ಸಿಗುತ್ತಿತ್ತು. ಇನ್ನು, “ಮನೆಯಲ್ಲಿ ಇಂಗ್ಲಿಷನ್ನೇ ಮಾತಾಡಿ” ಎಂದು ಸಲಹೆ ಕೊಡುವ ಶಾಲೆಗೆ ಭಾಷೆ ಕಲಿಸುವ ಕೆಲಸ ಗೊತ್ತಿಲ್ಲವೆಂದೇ ತಿಳಿಯಬಹುದು.

ಐದನೆಯ ಹೆಜ್ಜೆ: ಮಂಡಳಿಯ ಸಭೆ

ಟ್ರಸ್ಟಿಗಳ ಸಭೆ ಸಾರ್ವಜನಿಕರಿಗೆ ತೆರೆದಿರಬೇಕೆಂಬುದು ರಾಜ್ಯದ ಕಾನೂನು. ಒಂದು ಸಂಜೆ ಹೋಗಿ ಕೂರಿ, ಇಲ್ಲವೇ ಹಿಂದಿನ ಒಂದು ವರ್ಷದ ನಡಾವಳಿ ಓದಿ. ಐದು ವರ್ಷದಲ್ಲಿ ಎಷ್ಟು ಪ್ರಿನ್ಸಿಪಾಲರು ಬದಲಾದರು, ಪ್ರತಿ ಜೂನ್‌ನಲ್ಲಿ ಎಷ್ಟು ಶಿಕ್ಷಕರು ರಾಜೀನಾಮೆ ಕೊಟ್ಟರು, ಪರವಾನಗಿ ನವೀಕರಣ ಯಾವಾಗ ಎಂಬುದೆಲ್ಲ ಅಲ್ಲೇ ಸಿಗುತ್ತದೆ.

ಉಳಿದದ್ದು ದಿನನಿತ್ಯದ ವಿಷಯ: ಸಂಜೆ ಆರರವರೆಗೆ ಮಗುವನ್ನು ನೋಡಿಕೊಳ್ಳುವ ವ್ಯವಸ್ಥೆ, ಸಸ್ಯಾಹಾರದ ಊಟ, ಚಳಿಯಲ್ಲಿ ನಡೆಯುವ ದೂರ. ಒಂದು ಎಚ್ಚರಿಕೆಯನ್ನು ಮಾತ್ರ ಹೇಳಲೇಬೇಕು. ಶಾಲಾ ದಿನಗಳಲ್ಲಿ ಶೇ 10ರಷ್ಟು ತಪ್ಪಿಸಿಕೊಂಡ ಮಗುವನ್ನು ‘ದೀರ್ಘ ಗೈರು’ ಪಟ್ಟಿಗೆ ಸೇರಿಸುತ್ತಾರೆ. 180 ದಿನದ ವರ್ಷದಲ್ಲಿ ಅದು 18 ದಿನ. ಫೆಬ್ರುವರಿಯಲ್ಲಿ ತಮ್ಮನ ಮದುವೆಗೆಂದು ನಾಲ್ಕು ವಾರ ಊರಿಗೆ ಹೋದರೆ ಆ ಗಡಿ ದಾಟಿದಂತೆಯೇ.

ಲಾಟರಿಯನ್ನು ನಂಬಿ ಕೂರದೆ ಮನೆಯ ವ್ಯಾಪ್ತಿಯ ಶಾಲೆಯಲ್ಲೂ ಹೆಸರು ನೋಂದಾಯಿಸಿ. ವೇಟಿಂಗ್ ಲಿಸ್ಟ್‌ನ ಕರೆ ಆಗಸ್ಟ್ ಕೊನೆಯಲ್ಲಿ, ಮಗು ಇನ್ನೊಂದು ಶಾಲೆಯ ಚೀಲಕ್ಕೆ ಹೆಸರು ಬರೆಸಿಕೊಂಡ ಮೇಲೂ ಬರಬಹುದು, ಉತ್ತರಕ್ಕೆ ಸಿಗುವ ಸಮಯ ಒಂದೆರಡು ದಿನವಷ್ಟೇ. ಆ ಹೊತ್ತಿಗೆ ಹೌದೋ ಅಲ್ಲವೋ ಎಂಬುದನ್ನು ಗಂಡ ಹೆಂಡತಿ ಮೊದಲೇ ಮಾತಾಡಿಕೊಂಡಿದ್ದು, ಎರಡೂ ಶಾಲೆಯ ಎಣಿಕೆಯ ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಟ್ಟಿದ್ದರೆ ಒಳ್ಳೆಯದು.