ಕಪ್ಪು ಕಾಯಿ ಬಂದರೆ ಕ್ಯಾರೊ-ಕಾನ್ ಆಡಿ

ಬಳ್ಳಾರಿಯಲ್ಲಿ ಶಾಲಾ ಮಕ್ಕಳ ಚೆಸ್ ಟೂರ್ನಿ ನಡೆಯುವ ಯಾವ ಸಭಾಂಗಣಕ್ಕೆ ಹೋದರೂ ಮೊದಲ ಸುತ್ತಿನಲ್ಲಿ ಈ ಆಟ ಕಾಣಸಿಗುತ್ತದೆ. ಬಿಳಿ ಕಾಯಿಯವನು ರಾಜನ ಮುಂದಿನ ಕಾಲಾಳನ್ನು ಎರಡು ಮನೆ ತಳ್ಳಿ, ಒಂಟೆಯನ್ನು ಸಿ4ಕ್ಕೆ, ರಾಣಿಯನ್ನು ಎಚ್5ಕ್ಕೆ ತರುತ್ತಾನೆ (ಅಕ್ಷರ ಮಣೆಯ ಉದ್ದಸಾಲು, ಅಂಕೆ ಅಡ್ಡಸಾಲು). ಎದುರಿನ ಮಗು ಎಫ್7 ಮನೆಯತ್ತ ಕಣ್ಣು ಹಾಯಿಸುವಷ್ಟರಲ್ಲಿ ಚೆಕ್‌ಮೇಟ್. ಹೊರಗೆ ಕಾಯುವ ಅಪ್ಪ ಅಮ್ಮ ‘ಕಪ್ಪು ಬಂದಿತ್ತು, ಏನು ಮಾಡುವುದು’ ಎಂದು ಮಗುವಿನ ಬೆನ್ನು ಸವರುತ್ತಾರೆ. ಸೋತದ್ದು ಕಪ್ಪಿನಿಂದಲ್ಲ, ಗೊತ್ತಾದ ಒಂದು ರಕ್ಷಣೆ ಇಲ್ಲದ್ದರಿಂದ.

ಹೊಸಬರು ಕಲಿಯಲು ನಾನು ಸೂಚಿಸುವುದು ಕ್ಯಾರೊ-ಕಾನ್. ಹೊರೇಶಿಯೊ ಕ್ಯಾರೊ ಮತ್ತು ವಿಯೆನ್ನಾದ ಮಾರ್ಕಸ್ ಕಾನ್ 1886ರಲ್ಲಿ ಇದನ್ನು ವಿಶ್ಲೇಷಿಸಿದ್ದರಿಂದ ಈ ಹೆಸರು. 1958ರ ವಿಶ್ವ ಚಾಂಪಿಯನ್‌ಷಿಪ್ ಮರುಪಂದ್ಯದಲ್ಲಿ ಬೋಟ್ವಿನ್ನಿಕ್ ಇದನ್ನು ಆಡಿ, ಸ್ಮಿಸ್ಲೋವ್ ಕೈಯಿಂದ ಕಿರೀಟ ಮರಳಿ ಪಡೆದರು. ಮುಂದೆ ವಿಶ್ವ ಚಾಂಪಿಯನ್ ಆದ ಕಾರ್ಪೋವ್‌ಗಂತೂ ಇದು ನೆಚ್ಚಿನ ಆಯುಧ. ಸಿಸಿಲಿಯನ್ ಎಂಬ ಇನ್ನೊಂದು ರಕ್ಷಣೆಯಂತೆ ನೂರಾರು ಕವಲುಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಯಾವ ಕಾಯಿ ಎಲ್ಲಿ ಕೂರಬೇಕು ಎಂಬುದು ತಿಳಿದಿದ್ದರೆ ಹತ್ತು ನಡೆಯವರೆಗೆ ನಿಶ್ಚಿಂತೆ.

ಮೊದಲ ಎರಡು ನಡೆ

ಬಿಳಿ ಇ4 ಆಡಿದಾಗ, ಅಂದರೆ ರಾಜನ ಮುಂದಿನ ಕಾಲಾಳನ್ನು ಇ4ಕ್ಕೆ ತಳ್ಳಿದಾಗ, ನೀವು ಸಿ7ರ ಕಾಲಾಳನ್ನು ಸಿ6ಕ್ಕೆ ಒಂದೇ ಮನೆ ಸರಿಸಿ. ಕಾಲಾಳು ಒಮ್ಮೆಗೆ ಒಂದೇ ಮನೆ ನಡೆಯುವ ಹಳೆಯ ಪದ್ಧತಿಯಲ್ಲಿ ಕಟ್ಟೆಯ ಮೇಲೆ ಆಡಿ ಬೆಳೆದ ಹಿರಿಯರಿಗೆ ಈ ಸಂಕೋಚದ ನಡೆ ಕೂಡಲೇ ಒಗ್ಗುತ್ತದೆ. ಬಿಳಿ ಡಿ4 ಆಡಿದರೆ ಡಿ5 ಆಡಿ. ಅದನ್ನು ಬಿಳಿ ಹೊಡೆದರೂ ಸಿ6ರ ಕಾಲಾಳು ತಿರುಗಿ ಹೊಡೆದು ಆ ಜಾಗದಲ್ಲೇ ನಿಲ್ಲುತ್ತದೆ. ಸಿ6ಕ್ಕೆ ಇರುವ ಕೆಲಸವೇ ಅದು.

ಎರಡನೇ ನಡೆಗೇ ಒಂಟೆಯನ್ನು ಸಿ4ಕ್ಕೆ ತರುವ ಆತುರಗಾರನಿಗೂ ಉತ್ತರ ಡಿ5. ಅವನು ಹೊಡೆಯುತ್ತಾನೆ, ನೀವು ಸಿ ಕಾಲಾಳಿನಿಂದ ಹೊಡೆಯುತ್ತೀರಿ, ಅವನ ಒಂಟೆ ಓಡಬೇಕು. ನಾಲ್ಕು ನಡೆಯ ಚೆಕ್‌ಮೇಟಿನ ಕನಸು ಅಲ್ಲಿಗೆ ಮುಗಿಯಿತು.

ಒಂಟೆ ಹೊರಗೆ, ಆಮೇಲೆ ಇ6

ಈ ರಕ್ಷಣೆಯ ಜೀವಾಳ ಸಿ8ರಲ್ಲಿರುವ ಒಂಟೆ. ಫ್ರೆಂಚ್ ರಕ್ಷಣೆಯಲ್ಲಿ ಮೊದಲೇ ಇ6 ಆಡುವುದರಿಂದ ಈ ಒಂಟೆ ತನ್ನದೇ ಕಾಲಾಳುಗಳ ಹಿಂದೆ ಬಹಳ ಹೊತ್ತು ಕೊಳೆಯುತ್ತದೆ. ಇಲ್ಲಿ ಅದನ್ನು ಮೊದಲು ಎಫ್5ಕ್ಕೆ ಬಿಡಿ, ಬಳಿಕ ಇ6 ಆಡಿ ಬಾಗಿಲು ಹಾಕಿ.

ಬಿಳಿಯ ಮೂರನೇ ನಡೆ ಕುದುರೆ ಸಿ3 ಆದರೆ, ಡಿ5ರ ಕಾಲಾಳಿನಿಂದ ಇ4 ಹೊಡೆಯಿರಿ. ಕುದುರೆ ತಿರುಗಿ ಹೊಡೆದಾಗ ಒಂಟೆ ಎಫ್5. ಕುದುರೆ ಜಿ3ಕ್ಕೆ ಬಂದು ಒಂಟೆಯನ್ನು ಕೆಣಕಿದರೆ ಜಿ6ಕ್ಕೆ ಸರಿಯಿರಿ. ಬಿಳಿ ಎಚ್4 ತಳ್ಳಿದರೆ ಎಚ್6 ಆಡಲು ಮರೆಯಬೇಡಿ, ಇಲ್ಲವಾದರೆ ಎಚ್5 ಬಂದು ಒಂಟೆ ಸಿಕ್ಕಿಬೀಳುತ್ತದೆ. ಬಿಳಿ ಕುದುರೆ ಎಫ್3ಕ್ಕೆ ಬಂದಾಗ ನಿಮ್ಮ ಬಿ8ರ ಕುದುರೆ ಡಿ7ಕ್ಕೆ ಬರಲಿ. ಬಿಳಿ ಕುದುರೆ ಇ5ಕ್ಕೆ ನುಗ್ಗದಂತೆ ಅದು ಕಾಯುತ್ತದೆ. ಎಚ್5 ಬಂದಾಗ ಒಂಟೆಗೆ ಎಚ್7 ಇದೆ. ಸಾಮಾನ್ಯವಾಗಿ ಡಿ3ರಲ್ಲಿ ಒಂಟೆಗಳು ವಿನಿಮಯವಾಗುತ್ತವೆ. ಆಮೇಲೆ ಇ6, ಇನ್ನೊಂದು ಕುದುರೆ ಎಫ್6, ರಾಣಿ ಸಿ7, ಕ್ಯಾಸ್ಲಿಂಗ್.

ಒಂಟೆಯ ಬದಲು ಮೊದಲೇ ಕುದುರೆಯನ್ನು ಡಿ7ಕ್ಕೆ ತರುವ ಮಾರ್ಗವೂ ಇದೆ. ಕಾರ್ಪೋವ್‌ಗೆ ಇಷ್ಟವಾದ ಮಾರ್ಗ, ಆದರೆ ಹೊಸಬರಿಗೆ ಬೇಡ ಎನ್ನುತ್ತೇನೆ. ಬಿಳಿ ರಾಣಿ ಇ2ಕ್ಕೆ ಬಂದಾಗ ಯೋಚಿಸದೆ ಇನ್ನೊಂದು ಕುದುರೆಯನ್ನು ಎಫ್6ಕ್ಕೆ ತಂದರೆ, ಬಿಳಿ ಕುದುರೆ ಡಿ6ಕ್ಕೆ ಹಾರಿ ಆರನೇ ನಡೆಗೇ ಚೆಕ್‌ಮೇಟ್. ಇ7ರ ಕಾಲಾಳು ಹೊಡೆಯುವಂತಿಲ್ಲ, ಅದರ ಹಿಂದೆ ರಾಜನಿದ್ದಾನೆ. ಇದೇ ಮಾರ್ಗದಲ್ಲಿ 1997ರಲ್ಲಿ ಕ್ಯಾಸ್ಪರೋವ್ ಡೀಪ್ ಬ್ಲೂ ಕಂಪ್ಯೂಟರ್ ಎದುರು ಕೊನೆಯ ಆಟವನ್ನು ಹತ್ತೊಂಬತ್ತೇ ನಡೆಯಲ್ಲಿ ಕೈಚೆಲ್ಲಿದರು. ಒಂಟೆ ಡಿ6ಕ್ಕೆ ಬರುವ ಮುನ್ನ ಎಚ್6 ಆಡಿದ್ದು ಮುಳುವಾಯಿತು; ಯಂತ್ರ ಇ6ರಲ್ಲಿ ಕುದುರೆ ಬಲಿಕೊಟ್ಟು ರಾಜನನ್ನು ಬಯಲಿಗೆಳೆಯಿತು.

ಬಿಳಿ ಮುಂದೆ ತಳ್ಳಿದರೆ

ನಮ್ಮ ಕಡೆಯ ಟೂರ್ನಿಗಳಲ್ಲಿ ನೀವು ಹೆಚ್ಚಾಗಿ ಎದುರಿಸುವುದು ಮೂರನೇ ನಡೆಯ ಇ5. ಆಗಲೂ ಒಂಟೆ ಎಫ್5, ನಂತರ ಇ6. ಎಫ್6 ಮನೆ ಈಗ ಬಿಳಿ ಕಾಲಾಳಿನ ಕಾವಲಿನಲ್ಲಿರುವುದರಿಂದ ಜಿ8ರ ಕುದುರೆಗೆ ಇ7 ದಾರಿ. ಅನುಕೂಲ ನೋಡಿ ಸಿ5 ತಳ್ಳಿ ಡಿ4ರ ಬುಡಕ್ಕೆ ಕೊಡಲಿ ಹಾಕಿ. ಸಿ ಕಾಲಾಳು ಹೀಗೆ ಎರಡು ಸಲ ನಡೆದು ಒಂದು ನಡೆ ನಷ್ಟವಾಗುತ್ತದೆ ನಿಜ, ಕೇಂದ್ರ ಮುಚ್ಚಿರುವಾಗ ಅಷ್ಟು ನಿಧಾನ ನಡೆಯುತ್ತದೆ.

ಒಂದು ಕಡೆ ಮಾತ್ರ ಎಚ್ಚರ. ಬಿಳಿ ನಾಲ್ಕನೇ ನಡೆಗೆ ಎಚ್4 ಆಡಿದಾಗ ಅಭ್ಯಾಸಬಲದಿಂದ ಇ6 ಆಡಿದಿರೋ, ಜಿ4 ಬರುತ್ತದೆ. ಒಂಟೆ ಇ4ಕ್ಕೆ ಹೋದರೆ ಎಫ್3, ಜಿ6ಕ್ಕೆ ಬಂದರೆ ಎಚ್5. ಓಡಲು ಮನೆಯೇ ಇಲ್ಲ. ಬಳ್ಳಾರಿ ಗುಡ್ಡದ ಕೋಟೆ ಕಟ್ಟಿದ ಫ್ರೆಂಚ್ ಎಂಜಿನಿಯರ್, ಎದುರಿನ ಕುಂಬಾರ ಗುಡ್ಡ ಅದಕ್ಕಿಂತ ಎತ್ತರವಿರುವುದನ್ನು ಗಮನಿಸಲಿಲ್ಲವೆಂದು ಹೈದರ್ ಅಲಿ ಅವನನ್ನು ಗಲ್ಲಿಗೇರಿಸಿದನಂತೆ. ಈ ಇ6 ಅಂಥದ್ದೇ ಕೋಟೆ. ಎಚ್4ಕ್ಕೆ ತಕ್ಕ ಉತ್ತರ ಎಚ್5.

ಉಳಿದವು

ಬಿಳಿ ಡಿ5ರಲ್ಲಿ ಹೊಡೆದು ಒಂಟೆಯನ್ನು ಡಿ3ರಲ್ಲಿ ಕೂರಿಸಿದರೆ ಎಫ್5 ನಿಮಗೆ ಸಲೀಸಾಗಿ ಸಿಗುವುದಿಲ್ಲ. ಕುದುರೆಗಳನ್ನು ಸಿ6, ಎಫ್6ಕ್ಕೆ ತಂದು ಒಂಟೆಯನ್ನು ಜಿ4ಕ್ಕೆ ಬಿಡಿ. ರಾಣಿ ಬಿ3ಕ್ಕೆ ಬಂದು ಬಿ7ರ ಮೇಲೆ ಕಣ್ಣಿಟ್ಟರೆ ನಿಮ್ಮ ರಾಣಿ ಡಿ7. ಡಿ5ರಲ್ಲಿ ಹೊಡೆದ ಮೇಲೆ ಸಿ4 ತಳ್ಳುವವರೂ ಇದ್ದಾರೆ. ಅದು ಪಾನೋವ್ ದಾಳಿ. ಇದೊಂದರಲ್ಲಿ ನಿಯಮ ಮುರಿಯಿರಿ: ಕುದುರೆ ಎಫ್6, ಬಳಿಕ ಇ6, ಒಳಗಿನ ಒಂಟೆ ಸದ್ಯಕ್ಕೆ ಒಳಗೇ ಇರಲಿ. ಮುಂದೆ ಬಿಳಿಗೆ ಡಿ4ರಲ್ಲಿ ಒಂಟಿ ಕಾಲಾಳು ಉಳಿದರೆ, ಅದರ ಎದುರಿನ ಡಿ5ರಲ್ಲಿ ಕುದುರೆ ಕಟ್ಟಿಹಾಕಿ.

ಅಭ್ಯಾಸ

ಮೊದಲ ವಾರ ಮೊಬೈಲ್ ಬೇಡ. ಮಣೆ ಹಾಸಿ ಎರಡೂ ಕಡೆಯ ಕಾಯಿಗಳನ್ನು ನೀವೇ ನಡೆಸಿ, ಪ್ರತಿ ನಡೆಗೂ ಕಾರಣವನ್ನು ಬಾಯಿಬಿಟ್ಟು ಹೇಳಿ. ಕಾರಣ ತೋಚದ ನಡೆಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಂತರ ಲಿಚೆಸ್‌ನಂಥ ಉಚಿತ ತಾಣದಲ್ಲಿ ಹತ್ತು ನಿಮಿಷ ಅಥವಾ ಹೆಚ್ಚಿನ ಅವಧಿಯ ಆಟಗಳನ್ನು ಆಡಿ. ಮೂರು ನಿಮಿಷದ ಆಟದಿಂದ ಬೆರಳು ಚುರುಕಾಗುತ್ತದೆ, ಓಪನಿಂಗ್ ಬರುವುದಿಲ್ಲ. ಆಟ ಮುಗಿದ ಮೇಲೆ ಮೊದಲ ಹತ್ತು ನಡೆಗಳನ್ನಷ್ಟೇ ಎಂಜಿನ್‌ಗೆ (ನಡೆಗಳನ್ನು ಪರೀಕ್ಷಿಸುವ ಚೆಸ್ ತಂತ್ರಾಂಶಕ್ಕೆ) ತೋರಿಸಿ.

ಬಿಳಿ ಮೊದಲ ನಡೆಗೇ ಡಿ4 ಆಡಿದರೆ ಗಾಬರಿ ಬೇಡ. ಡಿ5 ಆಡಿ, ಸಿ4 ಬಂದಾಗ ಸಿ6 ಆಡಿ. ಸ್ಲಾವ್ ಎಂಬ ಈ ರಕ್ಷಣೆಯಲ್ಲೂ ಸಿ6, ಡಿ5 ಕಾಲಾಳುಗಳೇ ಆಧಾರ, ಸಿ8ರ ಒಂಟೆಯ ಚಿಂತೆಯೂ ಅದೇ.